ತುಮಕೂರಿನಲ್ಲಿ ಮಿನಿಯೇಚರ್ ಯುದ್ಧದಾಟ, ಗೊಂಬೆಗೆ ಬಣ್ಣ ಹಾಕೋದು: ಎಲ್ಲಿಂದ ಶುರು ಮಾಡಲಿ?

ಬಟವಾಡಿಯವನು:

ಎಲ್ಲರಿಗೂ ನಮಸ್ಕಾರ. ನನಗೆ 39 ವರ್ಷ. ಮನೆ ತುಮಕೂರಿನ ಬಟವಾಡಿ ಹತ್ತಿರ, ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲೇ ಓಡಾಟ. ನಾಲ್ಕು ತಿಂಗಳ ಹಿಂದೆ ಪಕ್ಕದ ಸೀಟಿನ ಹುಡುಗ ಫೋನಿನಲ್ಲಿ ಒಂದು ವಿಡಿಯೋ ನೋಡುತ್ತಿದ್ದ. ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಒಬ್ಬ ಸೈನಿಕ, ಅವನ ಬೆಲ್ಟಿನ ಬಕಲಿಗೆ ಯಾರೋ ಸಣ್ಣ ಬ್ರಷ್ಷಿನಲ್ಲಿ ಬೆಳ್ಳಿ ಬಣ್ಣ ಇಡುತ್ತಿದ್ದರು. ಯಶವಂತಪುರ ಬರುವ ತನಕ ನಾನೂ ಅದನ್ನೇ ನೋಡಿದೆ. ಏನಪ್ಪಾ ಇದು ಅಂತ ಕೇಳಿದ್ದಕ್ಕೆ "ವಾರ್‌ಹ್ಯಾಮರ್ ಅಂಕಲ್" ಅಂದ. ಅವತ್ತಿನಿಂದ ತಲೆಯಲ್ಲಿ ಕೂತುಬಿಟ್ಟಿದೆ.

ಓದಿ ತಿಳಿದುಕೊಂಡದ್ದು ಇಷ್ಟು. ಚೆಸ್ ಥರ ಮನೆಗಳಿಲ್ಲ. ಮೇಜೇ ರಣರಂಗ. ಟೇಪು ಹಿಡಿದು ಇಂಚಿನ ಲೆಕ್ಕದಲ್ಲಿ ಸೈನಿಕರನ್ನು ನಡೆಸಬೇಕು, ಗುಂಡು ತಗುಲಿತೋ ಇಲ್ಲವೋ ದಾಳ ಹೇಳುತ್ತದೆ. ಸೈನಿಕರನ್ನು ನಾವೇ ಅಂಟಿಸಿ, ನಾವೇ ಬಣ್ಣ ಹಾಕಬೇಕು. ಇದರಲ್ಲಿ ನನ್ನನ್ನು ಹಿಡಿದದ್ದು ಬಣ್ಣ ಹಾಕುವ ಭಾಗ. ನಮ್ಮಮ್ಮ ಪ್ರತಿ ದಸರಾಕ್ಕೆ ಗೊಂಬೆ ಕೂರಿಸುತ್ತಾರೆ, ಬಣ್ಣ ಹೋದ ಗೊಂಬೆಗಳಿಗೆ ತಾವೇ ಬಣ್ಣ ಬಳಿಯುತ್ತಾರೆ. ಚಿಕ್ಕವನಿದ್ದಾಗ ಪಕ್ಕ ಕೂತು ನೋಡುತ್ತಿದ್ದೆ, ಮುಟ್ಟೋಕೆ ಬಿಡುತ್ತಿರಲಿಲ್ಲ!

ಈಗ ಪ್ರಶ್ನೆ. ಹತ್ತು ಸಾವಿರಕ್ಕೂ ಜಾಸ್ತಿ ಬೆಲೆಯ ಒಂದು ಬಾಕ್ಸು ಆನ್‌ಲೈನ್ ಕಾರ್ಟಿನಲ್ಲಿ ಇಟ್ಟು ಎರಡು ವಾರ ಆಯಿತು. ತಗೊಳ್ಳಲಾ ಬೇಡವಾ? ಬಣ್ಣ ಯಾವುದು? ನನಗೆ ಸಿಗೋದು ರಾತ್ರಿ ಒಂಬತ್ತೂವರೆ ಮೇಲೆ ಒಂದು ಗಂಟೆ, ಆಮೇಲೆ ಭಾನುವಾರ. ಮನೆಯಲ್ಲಿ 11 ವರ್ಷದ ಮಗ ಇದ್ದಾನೆ, ಅವನೂ ಸೇರಬಹುದಾ? ಎಲ್ಲಕ್ಕಿಂತ ದೊಡ್ಡದು, ನಮ್ಮ ಕಡೆ ಇದನ್ನು ಆಡುವವರು ಯಾರಾದರೂ ಇದ್ದೀರಾ?

ದಾಳ ಆರು:

ಇದ್ದೀವಿ ಸರ್, ತುಮಕೂರಲ್ಲೇ ಇದ್ದೀವಿ. ಕಡಿಮೆ ಜನ, ಅಷ್ಟೇ.

ಮೊದಲು ಆ ಬಾಕ್ಸು ಕಾರ್ಟಿನಿಂದ ತೆಗೆಯಿರಿ. ಬಾಕ್ಸು ಕೆಟ್ಟದ್ದು ಅಂತ ಅಲ್ಲ. ಈ ಹವ್ಯಾಸ ಬಿಟ್ಟವರನ್ನು ನಾನು ಸುಮಾರು ಜನರನ್ನು ನೋಡಿದ್ದೀನಿ, ಬಹುತೇಕ ಎಲ್ಲರ ಕಥೆಯೂ ಒಂದೇ: ಮೊದಲ ದಿನವೇ ದೊಡ್ಡ ಸೈನ್ಯ ತಗೊಂಡರು, ಮೂವತ್ತು-ನಲವತ್ತು ಬೂದು ಪ್ಲಾಸ್ಟಿಕ್ ಗೊಂಬೆ ಮೇಜಿನ ಮೇಲೆ ಸಾಲಾಗಿ ಕೂತು ದಿನಾ ಇವರನ್ನೇ ನೋಡೋಕೆ ಶುರು ಮಾಡಿದವು, ಒಂದು ತಿಂಗಳಿಗೆ ಬಾಕ್ಸು ಅಟ್ಟ ಸೇರಿತು. ನಿಮಗೆ ಬೇಕಿರೋದು ಒಂದು ಕಡೆಗೆ ಐದರಿಂದ ಹತ್ತು ಗೊಂಬೆ. ಅಷ್ಟರಲ್ಲೇ ಪೂರ್ತಿ ಆಟ ಆಗುತ್ತದೆ. ಗೇಮ್ಸ್ ವರ್ಕ್‌ಶಾಪ್ ಕಂಪನಿಯ ವಾರ್‌ಹ್ಯಾಮರ್ 40,000ರ ದೊಡ್ಡ ಆಟಕ್ಕೆ 60 ಇಂಚು ಉದ್ದ, 44 ಇಂಚು ಅಗಲದ ಜಾಗ ಬೇಕು. ಅದೇ ಕಂಪನಿಯ ಸಣ್ಣ ಆಟ ಕಿಲ್ ಟೀಮ್ ಸುಮಾರು 30 ಇಂಚಿಗೆ 22 ಇಂಚಿನಲ್ಲಿ ಮುಗಿಯುತ್ತದೆ. ಊಟದ ಮೇಜು ಸಾಕು.

ನಿಯಮಕ್ಕೂ ದುಡ್ಡು ಕೊಡಬೇಕಿಲ್ಲ. "ಒನ್ ಪೇಜ್ ರೂಲ್ಸ್" ಅಂತ ಹುಡುಕಿ, ಮೂಲ ನಿಯಮಗಳು ಉಚಿತ. ಅದರಲ್ಲಿ ಫೈರ್‌ಫೈಟ್ ಅನ್ನೋದು ಸಣ್ಣ ತಂಡಗಳ ಆಟ. ಇಂಥದ್ದೇ ಕಂಪನಿಯ ಗೊಂಬೆ ಬೇಕು ಅಂತ ಕಟ್ಟಳೆ ಇಲ್ಲ. ನೀವು ಒಬ್ಬ ಸೈನಿಕನನ್ನು ನಡೆಸಿದ ಮೇಲೆ ನಾನು ಒಬ್ಬನನ್ನು ನಡೆಸಬೇಕು, ಹಾಗಾಗಿ ಇನ್ನೊಬ್ಬರ ಸರದಿ ಮುಗಿಯಲಿ ಅಂತ ಅರ್ಧ ಗಂಟೆ ಕಾಯುತ್ತಾ ಕೂರುವ ಕಷ್ಟ ಇಲ್ಲ. 11 ವರ್ಷದ ಹುಡುಗನಿಗೆ ಇದು ಬಹಳ ಮುಖ್ಯ.

ಗೊಂಬೆ ತಗೊಳ್ಳುವ ಮೊದಲೇ ಆಡಿ. ಸೋಡಾ ಮುಚ್ಚಳ ಇಡಿ, ಕೇರಂ ಕಾಯಿ ಇಡಿ, ರಟ್ಟು ಕತ್ತರಿಸಿ ಇಡಿ. ಪುಸ್ತಕ ಮಲಗಿಸಿದರೆ ಗುಡ್ಡ, ಲೋಟ ಬೋರಲು ಹಾಕಿದರೆ ಬುರುಜು. ಎರಡು ಆಟ ಆದಮೇಲೂ ಮೂರನೆಯದು ಆಡೋಣ ಅನ್ನಿಸಿದರೆ ಆಗ ದುಡ್ಡು ಹಾಕಿ.

ಇನ್ನೊಂದು ಮಾತು. ಈ ಆಟದ ಹಳೆಯ ಅಜ್ಜ ಅಂದರೆ ಪ್ರಷ್ಯಾ ದೇಶದ ಸೈನ್ಯದ್ದು, ಕ್ರೀಗ್‌ಸ್ಪೀಲ್. 1824ರಲ್ಲಿ ರೈಸ್‌ವಿಟ್ಸ್ ಅನ್ನುವ ಅಧಿಕಾರಿ ಅದನ್ನು ಸೈನ್ಯದ ತರಬೇತಿಗೆ ರೂಪಿಸಿದ. ಅದರಲ್ಲಿ ಇಬ್ಬರು ಆಡುತ್ತಿದ್ದರೆ ನಿಯಮ ನೋಡಿಕೊಳ್ಳೋಕೆ ನಡುವೆ ಒಬ್ಬ ಅಂಪೈರ್ ಇರುತ್ತಿದ್ದ. ಹೊಸಬರಿಗೆ ನಾನು ಇವತ್ತಿಗೂ ಹೀಗೇ ಹೇಳಿಕೊಡೋದು. ನೀವು ಮತ್ತು ಮಗ ಎದುರುಬದುರು ಕೂತುಕೊಳ್ಳಿ, ನಾನು ಪಕ್ಕದಲ್ಲಿ ಕೂತು ನಿಯಮ ನೋಡಿಕೊಳ್ಳುತ್ತೀನಿ. ಓದಿ ಬರಬೇಕಾದ್ದು ಏನೂ ಇಲ್ಲ. ಮೆಸೇಜ್ ಮಾಡಿ.

ಎರಡು ತೆಳು ಕೋಟ್:

ಮೇಲಿನವರ ಮಾತಿಗೆ ಅರ್ಧ ಒಪ್ಪಿಗೆ, ಅರ್ಧ ಇಲ್ಲ. ದೊಡ್ಡ ಬಾಕ್ಸು ಬೇಡ ಅನ್ನೋದು ಸರಿ. ಆದರೆ ಸೋಡಾ ಮುಚ್ಚಳದಿಂದ ಶುರು ಮಾಡಿ ಅನ್ನೋದು ಇವರಿಗೆ ಸರಿಹೋಗಲ್ಲ. ಅವರು ಬಕಲಿನ ಬೆಳ್ಳಿ ಬಣ್ಣಕ್ಕೆ ಮನಸ್ಸು ಕೊಟ್ಟವರು. ಆಟಕ್ಕೆ ಬಂದವರಲ್ಲ, ಬ್ರಷ್ಷಿಗೆ ಬಂದವರು. ನಾನೂ ಹಾಗೇ ಬಂದವನು, ಗುಬ್ಬಿಯಲ್ಲಿ ಒಬ್ಬನೇ ಕೂತು ಮೂರು ವರ್ಷ ಬರೀ ಬಣ್ಣ ಹಾಕಿದ್ದೀನಿ, ಒಂದು ಆಟವನ್ನೂ ಆಡಿರಲಿಲ್ಲ, ಯಾವತ್ತೂ ಕೊರತೆ ಅನ್ನಿಸಲಿಲ್ಲ.

ಅಣ್ಣ, 28 ಮಿಲಿಮೀಟರ್ ಅಳತೆಯ ಒಂದು ಸಣ್ಣ ಪ್ಯಾಕ್ ತಗೊಳ್ಳಿ, ಐದು ಗೊಂಬೆ ಇದ್ದರೆ ಸಾಕು. ಗಟ್ಟಿ ಪ್ಲಾಸ್ಟಿಕ್ಕಿನದ್ದೇ ಇರಲಿ. 1/72 ಅಳತೆಯ ಮೆತ್ತನೆ ಪ್ಲಾಸ್ಟಿಕ್ ಸೈನಿಕರು ಅಗ್ಗ, ಆದರೆ ಬಂದೂಕು ಬಾಗಿದಾಗೆಲ್ಲ ಮೇಲಿನ ಬಣ್ಣ ಸಿಪ್ಪೆ ಏಳುತ್ತದೆ. ಮೊದಲನೇ ಸಲಕ್ಕೇ ಬೇಜಾರಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸಿಮೆಂಟ್ ಅನ್ನೋ ಅಂಟು ಸಿಗುತ್ತದೆ, ಅದು ಎರಡೂ ತುಂಡುಗಳನ್ನು ಸ್ವಲ್ಪ ಕರಗಿಸಿ ಒಂದೇ ಮಾಡುತ್ತದೆ. ರೆಸಿನ್ ಅನ್ನುವ ರಾಳದ ಗೊಂಬೆಗೂ ಲೋಹದ್ದಕ್ಕೂ ಅದು ಹಿಡಿಯಲ್ಲ, ಅವಕ್ಕೆ ಫೆವಿಕ್ವಿಕ್.

ಬಣ್ಣ. ವಿದೇಶಿ ಬಣ್ಣದ ಪೂರ್ತಿ ಸೆಟ್ ಈಗಲೇ ಬೇಡ. ಫೆವಿಕ್ರಿಲ್ ಅಕ್ರಿಲಿಕ್ 15 ಎಂಎಲ್ ಪುಟ್ಟ ಬಾಟಲಿಗಳು ಯಾವ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತವೆ. ಕಪ್ಪು, ಬಿಳಿ, ಕೆಂಪು, ನೀಲಿ, ಹಳದಿ, ಒಂದು ಕಂದು, ಒಂದು ಬೆಳ್ಳಿ. ಬಟ್ಟೆಗೆ ಮಾಡಿದ ಬಣ್ಣ ಆದ್ದರಿಂದ ದಪ್ಪ ಇರುತ್ತದೆ, ಹಾಗೇ ಬಳಿದರೆ ಮುಖದ ಗೆರೆಯೆಲ್ಲ ಮುಚ್ಚಿ ಗೊಂಬೆ ಬೆಣ್ಣೆ ಮೆತ್ತಿದ ಹಾಗೆ ಕಾಣುತ್ತದೆ. ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಮೊದಲ ಕೋಟ್ ಹಾಕಿದಾಗ ಕೆಳಗಿನ ಬಣ್ಣ ಕಾಣುತ್ತದೆ, ಗಾಬರಿಯಾಗಿ ಅಲ್ಲೇ ಮತ್ತೆ ಮತ್ತೆ ತಿಕ್ಕಬೇಡಿ. ಒಣಗಲಿ. ಎರಡನೇ ಕೋಟಿಗೆ ಮುಚ್ಚುತ್ತದೆ. ನನ್ನ ಹೆಸರು ಬಂದದ್ದೇ ಅಲ್ಲಿಂದ.

ನಮ್ಮ ಕಡೆ ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕೂತರೆ ಬಣ್ಣ ಪ್ಯಾಲೆಟ್ಟಿನ ಮೇಲೇ ಐದು ನಿಮಿಷಕ್ಕೆ ಒಣಗಿಹೋಗುತ್ತದೆ. ಅದಕ್ಕೆ ಹಸಿ ಪ್ಯಾಲೆಟ್ ಮಾಡಿಕೊಳ್ಳಿ: ಗಾಳಿಯಾಡದ ಚಪ್ಪಟೆ ಟಿಫಿನ್ ಡಬ್ಬಿ, ಒಳಗೆ ನೀರಿನಲ್ಲಿ ನೆನೆಸಿದ ಟಿಶ್ಯೂ ನಾಲ್ಕು ಪದರ, ಅದರ ಮೇಲೆ ಕೇಕ್ ಮಾಡುವಾಗ ಹಾಕುತ್ತಾರಲ್ಲ ಆ ಬೇಕಿಂಗ್ ಪೇಪರ್. ಮೇಣದ ಕಾಗದ ಆಗಲ್ಲ, ನೀರು ಮೇಲಕ್ಕೆ ಬರಲ್ಲ. ಮುಚ್ಚಳ ಹಾಕಿಟ್ಟರೆ ನಾಳೆ ರಾತ್ರಿಗೂ ಅದೇ ಬಣ್ಣ ಬಳಸಬಹುದು. ದಿನಕ್ಕೆ ಒಂದು ಗಂಟೆ ಸಿಗುವ ನಿಮ್ಮಂಥವರಿಗೆ ಇದರಷ್ಟು ಉಪಕಾರಿ ಇನ್ನೊಂದಿಲ್ಲ.

ಆಮೇಲೆ ವಾಶ್. ಇದನ್ನು ನಾನು ಎಷ್ಟು ಹೇಳಿದರೂ ಕಡಿಮೆ. ಕಡು ಕಂದು ಬಣ್ಣಕ್ಕೆ ಜಾಸ್ತಿ ನೀರು ಸೇರಿಸಿ ಟೀ ಡಿಕಾಕ್ಷನ್ ಥರ ಮಾಡಿ, ಬಣ್ಣ ಹಾಕಿ ಒಣಗಿದ ಗೊಂಬೆಯ ಮೇಲೆ ಒಂದೇ ಸಲ ಹರಿಸಿ. ಆ ನೀರು ತಾನಾಗೇ ಓಡಿಹೋಗಿ ಅಂಗಿಯ ಮಡಿಕೆಯಲ್ಲಿ, ಬೆರಳುಗಳ ಸಂದಿಯಲ್ಲಿ, ಸರಪಳಿ ಕವಚದ ಒಂದೊಂದು ಬಳೆಯ ಒಳಗೆ ನಿಲ್ಲುತ್ತದೆ. ಮೇಲಿನ ಭಾಗ ಹಾಗೇ ಉಳಿಯುತ್ತದೆ. ಅರ್ಧ ನಿಮಿಷದ ಹಿಂದೆ ಚಪ್ಪಟೆಯಾಗಿದ್ದ ಗೊಂಬೆಗೆ ಕಣ್ಣೆದುರೇ ನೆರಳು ಬರುತ್ತದೆ. ಮೊದಲ ಸಲ ಇದು ಆದಾಗ ನಾನು ರಾತ್ರಿ ಹನ್ನೊಂದಕ್ಕೆ ಅಕ್ಕನನ್ನು ಎಬ್ಬಿಸಿ ತೋರಿಸಿದ್ದೆ. 2019ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಾಂಟ್ರಾಸ್ಟ್ ಅಂತ ಬಣ್ಣ ತಂದಿತು, ಅದು ಬಣ್ಣವನ್ನೂ ನೆರಳನ್ನೂ ಒಂದೇ ಕೋಟಿನಲ್ಲಿ ಕೊಡುತ್ತದೆ. ಚೆನ್ನಾಗಿದೆ, ದುಬಾರಿ. ಆಮೇಲೆ ನೋಡಿ.

ಬ್ರಷ್ 1ನೇ ನಂಬರಿನದ್ದು ಒಂದು, ತುದಿ ಸೂಜಿಯಂತೆ ಕೂಡಬೇಕು. ಬಹಳ ಸಣ್ಣ ಬ್ರಷ್ ಬೇಡ, ಗೊಂಬೆಗೆ ತಲುಪುವಷ್ಟರಲ್ಲಿ ಅದರ ಬಣ್ಣ ಒಣಗಿರುತ್ತದೆ. ಬಣ್ಣ ಬ್ರಷ್ಷಿನ ಕೂದಲು ಹಿಡಿದಿರುವ ತಗಡಿನ ತನಕ ಏರದ ಹಾಗೆ ನೋಡಿಕೊಳ್ಳಿ, ಅಲ್ಲಿ ಒಣಗಿದರೆ ಬ್ರಷ್ ಪೊರಕೆ ಆಗುತ್ತದೆ.

ಮಧುಗಿರಿ ಕಲ್ಲು:

ಎಲ್ಲರೂ ಸೈನಿಕರ ಬಗ್ಗೆಯೇ ಹೇಳಿದಿರಿ, ಅವರು ನಿಲ್ಲುವ ನೆಲದ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟ ಅದೇ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ, ನೀವು ಮಾಡಬಾರದು ಅಂತ. ಫ್ರಿಜ್ ಬಂದಿದ್ದ ಥರ್ಮಾಕೋಲನ್ನು ಎರಡು ಭಾನುವಾರ ಕೂತು ಕೆತ್ತಿ ಬೆಟ್ಟದ ಕೋಟೆ ಮಾಡಿದ್ದೆ. ಮೆಟ್ಟಿಲು, ಬತೇರಿ ಎಲ್ಲ ಇತ್ತು. ಬೇಗ ಮುಗಿಯಲಿ ಅಂತ ಸ್ಪ್ರೇ ಪೇಂಟ್ ಹೊಡೆದೆ. ಹೊಡೆದ ಕಡೆಯೆಲ್ಲ ಚುರ್ ಅಂತ ಕರಗಿ ಗುಳಿ ಬಿತ್ತು, ಬತೇರಿ ಕುಸಿದು ಕೂತಿತು. ಸ್ಪ್ರೇಯಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ತಿಂದುಹಾಕುತ್ತದೆ. ಈಗ ಮೊದಲು ಫೆವಿಕಾಲ್‌ಗೆ ಕಪ್ಪು ಬಣ್ಣ, ಸ್ವಲ್ಪ ನೀರು ಸೇರಿಸಿ ಎಲ್ಲ ಕಡೆ ಎರಡು ಸಲ ಬಳಿಯುತ್ತೇನೆ, ಪೂರ್ತಿ ಒಣಗಿದ ಮೇಲೆ ಬ್ರಷ್ಷಿನಲ್ಲೇ ಬಣ್ಣ ಹಾಕುತ್ತೇನೆ.

ಸಾಮಾನೆಲ್ಲ ನಮ್ಮ ಜಿಲ್ಲೆಯಲ್ಲೇ ಬಿದ್ದಿದೆ ಸರ್. ಹೊರಗಿನವರು ಪ್ಯಾಕೆಟ್ಟಿನಲ್ಲಿ ದುಡ್ಡು ಕೊಟ್ಟು ತಗೊಳ್ಳುವ ಒಣಹುಲ್ಲು ನಮಗೆ ತೆಂಗಿನ ನಾರು. ತಿಪಟೂರು ಕಡೆಯವರಿಗಂತೂ ಹೇಳಬೇಕಾಗಿಯೇ ಇಲ್ಲ. ನಾರನ್ನು ಒಂದು ಚಿಟಿಕೆ ಹಿಡಿದು, ಬುಡಕ್ಕೆ ಅಂಟು ಹಾಕಿ ನಿಲ್ಲಿಸಿ, ಒಣಗಿದ ಮೇಲೆ ಕತ್ತರಿಯಲ್ಲಿ ತುದಿ ಸಮ ಮಾಡಿ. ಏಪ್ರಿಲ್ ತಿಂಗಳ ಬಾದೆ ಹುಲ್ಲೇ ಸರಿ. ಕೆಂಪು ಮಣ್ಣನ್ನು ಬಾಣಲೆಯಲ್ಲಿ ಹುರಿದು ಜರಡಿ ಹಿಡಿಯಿರಿ, ನೆಲ ಆಯಿತು. ಸಾಮಿಲ್ಲಿನ ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಒಣಗಿಸಿ, ಗರಿಕೆ ಆಯಿತು. ಸಣ್ಣ ಕಲ್ಲಿಗೆ ಅಂತ ರಾಗಿ, ಸಾಸಿವೆ ಮಾತ್ರ ಅಂಟಿಸಬೇಡಿ. ಹುಳ ಬೀಳುತ್ತದೆ, ಇರುವೆ ಬರುತ್ತದೆ.

ಬಂಡೆಗೆ ಬೂದು ಬಣ್ಣ ಬಳಿದು ಬಿಡುತ್ತಾರೆ ಎಷ್ಟೋ ಜನ. ಒಂದು ಸಲ ಮಧುಗಿರಿಗೆ ಬನ್ನಿ. ಬೆಟ್ಟ ಪೂರ್ತಿ ಒಂದೇ ಬಂಡೆ. ಬೆಳಗ್ಗೆ ಏಳು ಗಂಟೆಗೆ ಕೆಳಗೆ ನಿಂತು ನೋಡಿ. ಮಳೆನೀರು ಇಳಿದ ಜಾಗದಲ್ಲಿ ಮೇಲಿಂದ ಕೆಳಗಿನ ತನಕ ಕಪ್ಪು ಪಟ್ಟೆ, ಪಟ್ಟೆಗಳ ನಡುವೆ ತೆಳು ಗುಲಾಬಿ ಕಲೆಸಿದ ಕಂದು, ಬಿರುಕಿನ ಒಳಗೆ ಒಣಹುಲ್ಲಿನ ಹಳದಿ. ನಾನು ಈಗ ಕಂದು ಬೂದು ಹಾಕಿ, ಕಪ್ಪು ವಾಶನ್ನು ಮೇಲಿಂದ ಹನಿ ಹನಿಯಾಗಿ ಬಿಟ್ಟು ಅದು ಇಳಿದ ದಾರಿಯನ್ನು ಹಾಗೇ ಬಿಡುತ್ತೇನೆ. ಬೆಟ್ಟದ ಮೇಲೆ ನೀರು ಮಾಡಿದ್ದನ್ನೇ ಇಲ್ಲೂ ನೀರು ಮಾಡುತ್ತದೆ. ಕೊನೆಗೆ ಅಗಲ ಬ್ರಷ್ಷಿಗೆ ತಿಳಿ ಬಣ್ಣ ತಗೊಂಡು, ಬಟ್ಟೆಗೆ ಒರೆಸಿ ಒರೆಸಿ ಏನೂ ಇಲ್ಲ ಅನ್ನಿಸುವಷ್ಟು ಒಣಗಿಸಿ, ಬಂಡೆಯ ಅಂಚುಗಳ ಮೇಲೆ ಸುಮ್ನೆ ಸವರಬೇಕು. ಅಂಚು ಮಾತ್ರ ಬೆಳಗುತ್ತದೆ.

ಬಟವಾಡಿಯವನು:

ಇಷ್ಟೊಂದು ಜನ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಬಾಕ್ಸು ಕಾರ್ಟಿನಿಂದ ತೆಗೆದೆ. ಟಿಫಿನ್ ಡಬ್ಬಿ ರೆಡಿ. ಇನ್ನೆರಡು ವಿಷಯ. ಒಂದು, 3ಡಿ ಪ್ರಿಂಟರ್ ತಗೊಂಡರೆ ಗೊಂಬೆ ಅಗ್ಗಕ್ಕೆ ಆಗುತ್ತದೆ ಅಂತಾರಲ್ಲ, ನಿಜವಾ? ಎರಡು, ವಾರ್‌ಹ್ಯಾಮರಿನ ಅನ್ಯಗ್ರಹದ ಸೈನಿಕರ ಬದಲು ನಮ್ಮ ಮೈಸೂರು ಸೈನ್ಯದ್ದು ಮಾಡೋಕೆ ಆಗುತ್ತದಾ? ಮಗ ಅದನ್ನೇ ಕೇಳುತ್ತಿದ್ದಾನೆ.

ಗೌರಿಬಿದನೂರು ಪ್ರಿಂಟ್:

ಪ್ರಿಂಟರ್ ಇರುವವನು ನಾನು, ನಾನೇ ಹೇಳುತ್ತೇನೆ: ಮೊದಲ ವರ್ಷ ಬೇಡ.

ಗೊಂಬೆಗೆ ಬೇಕಾದಷ್ಟು ನುಣುಪು ಬರೋದು ರೆಸಿನ್ ಪ್ರಿಂಟರಿನಲ್ಲಿ. ದ್ರವ ರೆಸಿನ್ನಿಗೆ 405 ನ್ಯಾನೋಮೀಟರಿನ ಬೆಳಕು ಬಿಟ್ಟು ಪದರ ಪದರವಾಗಿ ಗಟ್ಟಿ ಮಾಡುತ್ತದೆ, ಒಂದು ಪದರ ಸಾಮಾನ್ಯವಾಗಿ 0.05 ಮಿಲಿಮೀಟರ್. ಗೊಂಬೆ ಅದ್ಭುತ. ಆದರೆ ಗಟ್ಟಿಯಾಗದ ರೆಸಿನ್ ಚರ್ಮಕ್ಕೆ ತಾಗಬಾರದು. ಒಂದು ಸಲ ಅಲರ್ಜಿ ಶುರುವಾದರೆ ಅದು ಹೋಗುವಂಥದ್ದಲ್ಲ. ನೈಟ್ರೈಲ್ ಗ್ಲೌಸ್ ಹಾಕಲೇಬೇಕು, ಗಾಳಿ ಆಡುವ ಬೇರೆ ಕೋಣೆ ಬೇಕು, ಗೊಂಬೆ ತೊಳೆದ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಸಿಂಕಿಗೆ ಚೆಲ್ಲುವ ಹಾಗಿಲ್ಲ, ಒರೆಸಿದ ಟಿಶ್ಯೂ ಕೂಡ ಬಿಸಿಲಿಗಿಟ್ಟು ಗಟ್ಟಿ ಮಾಡಿಯೇ ಎಸೆಯಬೇಕು. ನಮ್ಮ ಮನೆಯಲ್ಲಿ ಹಿತ್ತಿಲ ಶೆಡ್ ಇದೆ, ಅದಕ್ಕೆ ಆಗುತ್ತಿದೆ. ಮಕ್ಕಳು ಓದುವ, ಮಲಗುವ ಕೋಣೆಯಲ್ಲಿ ಇಡಲೇಬೇಡಿ. ನಿಮಗೆ ಹತ್ತು ಗೊಂಬೆ ಬೇಕಾದರೆ ಮಾಡಿಸಿಕೊಳ್ಳಿ, ಯಂತ್ರ ತಗೊಳ್ಳೋದು ಯಾಕೆ? ಬಂದ ಗೊಂಬೆಯನ್ನು ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಪ್ರೈಮರ್, ಅಂದರೆ ಬಣ್ಣ ಹಿಡಿಯಲಿ ಅಂತ ಮೊದಲು ಹಾಕುವ ತಳದ ಬಣ್ಣ. ಪ್ರೈಮರ್ ಸ್ಪ್ರೇ ಆದರೆ ಒಂದಡಿ ದೂರದಿಂದ ಹಗುರವಾಗಿ, ಮಳೆ ಹಿಡಿದ ದಿನ ಬೇಡ. ತೇವ ಇದ್ದರೆ ಮೇಲ್ಮೈ ಮರಳು ಕಾಗದದ ಹಾಗೆ ಒರಟಾಗುತ್ತದೆ.

ಮೈಸೂರು ಸೈನ್ಯ! ನಿಮ್ಮ ಮಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ನಾವು ಚಿಕ್ಕಬಳ್ಳಾಪುರದ ಕಡೆಯ ಇಬ್ಬರು ಆಡುವುದೇ ನಂದಿದುರ್ಗದ, ಅಂದರೆ ನಂದಿ ಬೆಟ್ಟದ ಕೋಟೆಯ ಕಾಳಗ. ಮೂರನೇ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್‌ನ ಸೈನ್ಯ ಮೂರು ವಾರದಷ್ಟು ಮುತ್ತಿಗೆ ಹಾಕಿ, 1791ರ ಅಕ್ಟೋಬರ್ 19ರಂದು ಬೆಳಗಾಗುವ ಮೊದಲೇ ಏರಿ ಕೋಟೆ ಹಿಡಿಯಿತು. ಮೇಲಿದ್ದ ನಮ್ಮವರು ಬಂಡೆಗಳನ್ನು ಉರುಳಿಸಿಬಿಟ್ಟರು. ಇದನ್ನೇ ನಾವು ನಿಯಮ ಮಾಡಿಕೊಂಡಿದ್ದೀವಿ. ಕೋಟೆ ಕಡೆಯವರು ಪ್ರತಿ ಸುತ್ತಿಗೆ ಒಂದು ಬಂಡೆ ಉರುಳಿಸಬಹುದು, ದಾಳ ಹಾಕಿ ಬಂದಷ್ಟು ಇಂಚು ಇಳಿಜಾರಿನಲ್ಲಿ ನೇರ ಬರುತ್ತದೆ, ದಾರಿಯಲ್ಲಿ ಇದ್ದವನು ಹೋದ. ಹತ್ತುವವರು ಎಂಟು ಸುತ್ತಿನೊಳಗೆ ಗೋಡೆಯ ಬಿರುಕು ಮುಟ್ಟಬೇಕು. ಎರಡು ಸಲ ಆಡಿ, ಮೂರನೇ ಸಲ ಪಕ್ಷ ಬದಲಾಯಿಸಿಕೊಂಡಾಗ ಅರ್ಥವಾಯಿತು, ಆ ಇಳಿಜಾರಿನಲ್ಲಿ ಹತ್ತುವುದಕ್ಕೂ ಕಾಯುವುದಕ್ಕೂ ಏನು ಗುಂಡಿಗೆ ಬೇಕು ಅಂತ. ನಂದಿಗೆ ನೂರು ಸಲ ಹೋಗಿದ್ದೆ, ಮಂಜು ನೋಡಿ ಬಂದಿದ್ದೆ ಅಷ್ಟೇ.

ಬಣ್ಣಕ್ಕೆ: ಟಿಪ್ಪುವಿನ ಕಾಲಾಳುಗಳು ನೇರಳೆ ಬಟ್ಟೆಯ ಮೇಲೆ ಬಿಳಿ ಗುರುತುಗಳಿರುವ ಅಂಗಿ ಹಾಕುತ್ತಿದ್ದರು, ಇಂಗ್ಲಿಷರು ಅದನ್ನು ಹುಲಿ ಅಂಗಿ ಅಂತಲೇ ಬರೆದಿದ್ದಾರೆ. ಒಂದೊಂದು ಅಂಗಿಗೆ ಇಪ್ಪತ್ತು ಬಿಳಿ ಚುಕ್ಕೆ ಇಡುವಷ್ಟರಲ್ಲಿ ಕೈಗೆ ತಾನಾಗೇ ಹದ ಬರುತ್ತದೆ.

ದಾಳ ಆರು:

ಈ ಆಟ ತುಮಕೂರಿಗೂ ಬರಲಿ ಅಣ್ಣ. ಬಂಡೆ ಉರುಳಿಸೋದು ನಮ್ಮ ಮಧುಗಿರಿಯವರು ಮಾಡಿದ ಬೆಟ್ಟದ ಮೇಲೆ ಆದರೆ ಇನ್ನೂ ಚೆನ್ನ.

ಬಟವಾಡಿಯವನು:

ಆರು ವಾರ ಆಯಿತು, ಬಂದು ಹೇಳಬೇಕು ಅನ್ನಿಸಿತು.

ಗೌರಿಬಿದನೂರಿನವರು ಹತ್ತು ಸಿಪಾಯಿಗಳನ್ನು ಪ್ರಿಂಟ್ ಮಾಡಿ ಕಳಿಸಿದರು. ಒಬ್ಬನ ಬಂದೂಕು ದಾರಿಯಲ್ಲಿ ಮುರಿದಿತ್ತು, ಸೂಜಿಯ ತುಂಡು ಅಂಟಿಸಿ ಸರಿ ಮಾಡಿದೆ. ಏಳು ಜನ ಮುಗಿದಿದ್ದಾರೆ. ಅಂಗಿ, ಪೇಟ, ವಾಶ್ ಎಲ್ಲ ನೀವು ಹೇಳಿದ ಹಾಗೇ ಬಂತು. ಕಣ್ಣು ಮಾತ್ರ ಬರಲಿಲ್ಲ. ತಲೆಯೇ ಕಡಲೆಕಾಳಿಗಿಂತ ಚಿಕ್ಕದು, ಅದರಲ್ಲಿ ಕಣ್ಣು ಎಷ್ಟು ಇರುತ್ತದೆ ಹೇಳಿ. ಮೂರು ರಾತ್ರಿ ಚುಕ್ಕೆ ಇಟ್ಟೆ, ಮೂರು ರಾತ್ರಿ ಅಳಿಸಿದೆ. ಎಲ್ಲರೂ ಬೆಚ್ಚಿಬಿದ್ದವರ ಹಾಗೆ ಕಾಣುತ್ತಿದ್ದರು.

ನಾಲ್ಕನೇ ರಾತ್ರಿ ನಮ್ಮಮ್ಮ ನೀರು ಕುಡಿಯೋಕೆ ಎದ್ದವರು ಹಿಂದೆ ನಿಂತು ನೋಡಿದರು. "ಮುಖ ಮಾಡಿ ಆಮೇಲೆ ಕಣ್ಣು ಬರೀತೀಯಲ್ಲೋ, ಕಣ್ಣು ಮೊದಲು" ಅಂದರು. ಕನ್ನಡಕ ತಂದು ಕೂತರು. ಮೊದಲು ಕಣ್ಣಿನ ಜಾಗಕ್ಕೆ ಕಪ್ಪು ಗೆರೆ. ಅದರೊಳಗೆ ಅದಕ್ಕಿಂತ ಸಣ್ಣ ಬಿಳಿ. ನಡುವೆ ಮೇಲಿಂದ ಕೆಳಕ್ಕೆ ಒಂದು ಕಪ್ಪು ಗೀಟು, ಚುಕ್ಕೆಯಲ್ಲ, ಗೀಟು. ಆಮೇಲೆ ಮುಖದ ಬಣ್ಣ ತಗೊಂಡು ಮೇಲಿನ ರೆಪ್ಪೆ, ಕೆಳಗಿನ ರೆಪ್ಪೆ ಅಂತ ಹೆಚ್ಚಾದದ್ದನ್ನೆಲ್ಲ ಮುಚ್ಚಿಕೊಂಡು ಬಂದರು. ಉಸಿರು ಬಿಟ್ಟ ಮೇಲೆ ಬ್ರಷ್ ಇಡಬೇಕು, ಎಳೆದುಕೊಳ್ಳುವಾಗ ಅಲ್ಲ. ಎರಡೂ ಕೈಯ ಮಣಿಕಟ್ಟು ಒಂದಕ್ಕೊಂದು ತಾಗಿಸಿ ಹಿಡಿಯಬೇಕು. 71 ವರ್ಷ ಅವರಿಗೆ, ಕೈ ಒಂಚೂರೂ ಅಲುಗಲಿಲ್ಲ. ಗೊಂಬೆ ನೇರವಾಗಿ ನನ್ನನ್ನೇ ನೋಡಿತು.

ಇಷ್ಟು ವರ್ಷ ಮುಟ್ಟೋಕೆ ಬಿಡದ ಗೊಂಬೆಪೆಟ್ಟಿಗೆಯನ್ನು ಮಾರನೇ ದಿನ ಅವರೇ ತೆಗೆದು, ಬಣ್ಣ ಹೋಗಿದ್ದ ಶೆಟ್ಟಿ ಗೊಂಬೆಯನ್ನು ನನ್ನ ಮುಂದೆ ಇಟ್ಟರು. ಅದು ಈ ವಾರದ ಕೆಲಸ.

ದಾಳ ಆರು ಅವರೇ, ಮಗ ಪುಸ್ತಕ, ಲೋಟ ಇಟ್ಟುಕೊಂಡು ನಂದಿ ಬೆಟ್ಟ ಕಟ್ಟಿ ಆಗಲೇ ಎರಡು ಸಲ ನನ್ನನ್ನು ಸೋಲಿಸಿದ್ದಾನೆ. ಬಂಡೆ ಎಷ್ಟು ಅಗಲ ಇರಬೇಕು ಅನ್ನೋದರಲ್ಲಿ ನಮ್ಮಿಬ್ಬರಿಗೂ ಜಗಳ, ಅಂಪೈರ್ ಬೇಕೇ ಬೇಕು. ಬರುವ ಭಾನುವಾರ ಬೆಳಗ್ಗೆ ತಿಂಡಿಗೇ ಬನ್ನಿ. ಮಧುಗಿರಿಯವರೂ ಬೆಟ್ಟ ತಗೊಂಡು ಬರುತ್ತೇನೆ ಅಂದಿದ್ದಾರೆ, ಬಸ್ಸಿನಲ್ಲಿ ಹೇಗೆ ತರುತ್ತಾರೋ ಗೊತ್ತಿಲ್ಲ, ಸ್ಟ್ಯಾಂಡಿಗೆ ನಾನು ಕಾರು ತರುತ್ತೇನೆ. ಟೇಪು ನಮ್ಮ ಮನೆಯಲ್ಲಿ ಇದೆ. ದಾಳ ನೀವು ತನ್ನಿ.